ಟೇಪಿನ ಜೊತೆ ಕಿತ್ತುಬಂದ ಪ್ರೈಮರ್: ಹೊಸ ಜಿಪ್ಸಮ್ ಬೋರ್ಡ್ ಗೋಡೆಯ ಒಂದು ಪ್ರಕರಣ

ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಅಂದರೆ ಪ್ರೈಮರ್ ಹೊಡೆದ ನಾಲ್ಕನೇ ದಿನ ಸಮಸ್ಯೆ ಕಣ್ಣಿಗೆ ಬಿತ್ತು. ಹಾಲ್‌ನ ಉದ್ದ ಗೋಡೆಯಲ್ಲಿ ಎರಡು ಬಣ್ಣ ಸೇರುವ ಕಡೆ ಗೆರೆ ನೇರವಾಗಿ ಬರಲೆಂದು ಮಾಸ್ಕಿಂಗ್ ಟೇಪ್ ಅಂಟಿಸಿ, ಕೆಳಗಿನ ಬಣ್ಣ ಬಳಿದು, ಸಂಜೆ ಟೇಪ್ ಎಳೆಯಲು ಹುಡುಗನಿಗೆ ಹೇಳಿದ್ದೆ. ಟೇಪಿನ ಜೊತೆ ಬಣ್ಣ ಬಂತು, ಬಣ್ಣದ ಜೊತೆ ಪ್ರೈಮರೂ ಬಂತು, ಹಾವು ಪೊರೆ ಬಿಟ್ಟಂತೆ ಸುಮಾರು ಒಂದಡಿ. ಆಮೇಲೆ ಮೂರಡಿ ಏನೂ ಆಗಲಿಲ್ಲ. ಮತ್ತೆ ಒಂದಡಿ ಪೊರೆ, ಮತ್ತೆ ಮೂರಡಿ ಸರಿ. ಇಪ್ಪತ್ತಡಿ ಗೋಡೆಯಲ್ಲಿ ನಾಲ್ಕು ಕಡೆ ಹೀಗಾಯಿತು.

"ಅಣ್ಣಾ, ಮೆಷಿನ್‌ನಲ್ಲಿ ಹೊಡೆದದ್ದಕ್ಕೇ ಹೀಗಾಯ್ತಾ?" ಎಂದು ಅವನು ಕೇಳಿದ. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಕಾರಣ ಹುಡುಕಲು ಎರಡು ದಿನ ಹಿಡಿಯಿತು, ಸರಿಪಡಿಸಲು ಮತ್ತೆ ಐದು ದಿನ. ಸ್ಪ್ರೇ ಮೆಷಿನ್ ತೆಗೆದುಕೊಂಡು ಹೊಸ ಬೋರ್ಡ್ ಗೋಡೆಗೆ ಇಳಿಯುವವರಿಗೆ ಇದು ಉಪಯೋಗವಾಗಬಹುದು ಎಂದು ಪೂರ್ತಿ ಬರೆದಿಡುತ್ತಿದ್ದೇನೆ.

ಗೋಡೆ ಮತ್ತು ಮೆಷಿನ್

ಕೆಲಸ ಒಂದು ಹಾಲ್ ಮತ್ತು ಒಂದು ಕೋಣೆಯದು. ಹಾಲ್ 20×14 ಅಡಿ, ಕೋಣೆ 12×12 ಅಡಿ, ಎತ್ತರ 8 ಅಡಿ. ಸೀಲಿಂಗ್ ಸೇರಿಸಿ, ಬಾಗಿಲು ಕಿಟಕಿ ಕಳೆದರೆ ಸುಮಾರು 1,250 ಚದರಡಿ. ಲೋಹದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ ಅರ್ಧ ಇಂಚು ದಪ್ಪದ ಬೋರ್ಡ್. 4×8 ಅಡಿಯ ಹಾಳೆಗಳನ್ನು ನಿಲ್ಲಿಸಿ ಕೂರಿಸಿದ್ದರು. ಜಾಯಿಂಟಿಗೆ ಕಾಗದದ ಟೇಪ್, ಅದರ ಮೇಲೆ ಮೂರು ಕೈ ಜಾಯಿಂಟ್ ಕಾಂಪೌಂಡ್ (ಹಾಳೆಗಳ ನಡುವಿನ ಸಂದು ಮುಚ್ಚುವ ಪುಟ್ಟಿಯಂಥ ಲೇಪ), ಕೊನೆಯ ಕೈ ಸುಮಾರು ಒಂದಡಿ ಅಗಲಕ್ಕೆ ಹರಡಿದ್ದು. ಬೋರ್ಡ್ ಕೂರಿಸಿದ ತಂಡ ಬೇರೆ, ಬಣ್ಣದ ತಂಡ ನಮ್ಮದು.

ಹೊಸ ಬೋರ್ಡಿನ ಗೋಡೆ ನೋಡಲು ಒಂದೇ ಗೋಡೆಯಂತೆ ಕಂಡರೂ ಬಣ್ಣದ ಮಟ್ಟಿಗೆ ಅದು ಎರಡು. ಒಂದು, ಬೋರ್ಡಿನ ಮುಖದ ಕಾಗದ. ಇನ್ನೊಂದು, ಉಜ್ಜಿ ನಯ ಮಾಡಿದ ಕಾಂಪೌಂಡ್. ಕಾಗದ ನೀರನ್ನು ಒಂದು ರೀತಿ ಹೀರುತ್ತದೆ, ಕಾಂಪೌಂಡ್ ಇನ್ನೊಂದು ರೀತಿ. ಪ್ರೈಮರ್ ಇಲ್ಲದೆ ನೇರ ಬಣ್ಣ ಬಳಿದರೆ ಜಾಯಿಂಟ್ ಇರುವಲ್ಲೆಲ್ಲ ಹೊಳಪು ಬೇರೆಯಾಗಿ, ಪಕ್ಕದಿಂದ ಬೆಳಕು ಬಿದ್ದಾಗ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತದೆ. ಆ ಎರಡನ್ನೂ ಒಂದೇ ಹೀರಿಕೆಗೆ ತರುವುದು ಪ್ರೈಮರಿನ ಮೊದಲ ಕೆಲಸ. ಸಡಿಲ ಪುಡಿಯನ್ನು ಕಟ್ಟಿ ಹಿಡಿದು, ಮೇಲಿನ ಬಣ್ಣಕ್ಕೆ ಗಟ್ಟಿ ನೆಲೆ ಕೊಡುವುದು ಎರಡನೆಯ ಕೆಲಸ. ನಮ್ಮಲ್ಲಿ ಸೋತದ್ದು ಈ ಎರಡನೆಯದು.

ಮೆಷಿನ್ ಏರ್‌ಲೆಸ್ ಮಾದರಿಯದು. ಇದರಲ್ಲಿ ಗಾಳಿ ಬೆರೆಯುವುದಿಲ್ಲ. ಪಂಪು ಪ್ರೈಮರನ್ನೇ ಭಾರೀ ಒತ್ತಡದಲ್ಲಿ ಪೈಪಿಗೆ ತಳ್ಳುತ್ತದೆ; ಗನ್ನಿನ ತುದಿಗೆ ಹಾಕುವ ಟಿಪ್ಪಿನ ಸಣ್ಣ ರಂಧ್ರದಿಂದ ಹೊರಬರುವಾಗ ಅದು ಒಡೆದು ಹನಿಗಳಾಗಿ ಬೀಸಣಿಗೆಯಂತೆ ಹರಡುತ್ತದೆ. ಒತ್ತಡ ಚದರ ಇಂಚಿಗೆ 3,000 ಪೌಂಡ್, ಅಂದರೆ 3,000 ಪಿಎಸ್‌ಐವರೆಗೂ ಹೋಗುವ ಮೆಷಿನ್‌ಗಳು ಸಾಮಾನ್ಯ. ಟಿಪ್ಪಿನ ಮೇಲೆ ಮೂರು ಅಂಕಿ ಇರುತ್ತವೆ. 517 ಎಂದಿದ್ದರೆ ಮೊದಲ ಅಂಕಿಯನ್ನು ಎರಡರಿಂದ ಗುಣಿಸಿ: ಗೋಡೆಯಿಂದ ಒಂದಡಿ ದೂರದಲ್ಲಿ ಹಿಡಿದಾಗ ಬೀಸಣಿಗೆಯ ಅಗಲ ಸುಮಾರು 10 ಇಂಚು. ಉಳಿದ ಎರಡು ಅಂಕಿ ರಂಧ್ರದ ಅಳತೆ, ಇಂಚಿನ ಸಾವಿರ ಭಾಗಗಳಲ್ಲಿ ಹದಿನೇಳು, ಅಂದರೆ 0.017 ಇಂಚು. ಬೋರ್ಡಿನ ಪ್ರೈಮರಿಗೆ 515ರಿಂದ 519ರೊಳಗಿನ ಟಿಪ್ ಸಾಮಾನ್ಯವಾಗಿ ಸಾಕು.

ಆ ದಿನ ನಡೆದದ್ದು

ಬೋರ್ಡಿನವರು ಹಿಂದಿನ ಸಂಜೆ ಉಜ್ಜುವ ಕೆಲಸ ಮುಗಿಸಿ ಹೋಗಿದ್ದರು. ಬೆಳಿಗ್ಗೆ ಬಂದಾಗ ನೆಲದ ಮೇಲೆ ಬಿಳಿ ಧೂಳು ಮಂಜಿನಂತೆ ಕೂತಿತ್ತು. ಹುಡುಗರು ಒಣ ಪೊರಕೆಯಲ್ಲಿ ಗುಡಿಸಿದರು. ಗೋಡೆಯ ಮೇಲೂ ಅದೇ ಪೊರಕೆಯನ್ನು ಎರಡು ಸಲ ಆಡಿಸಿದರು. ಕಿಟಕಿ, ಸ್ವಿಚ್ ಬಾಕ್ಸ್, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಲು ಮೂರು ಗಂಟೆ ಹಿಡಿಯಿತು. ಸ್ಪ್ರೇ ಕೆಲಸದಲ್ಲಿ ಮುಚ್ಚುವುದೇ ಹೆಚ್ಚು, ಹೊಡೆಯುವುದು ಕಡಿಮೆ.

15 ಲೀಟರ್ ಪ್ರೈಮರಿಗೆ 3 ಲೀಟರ್ ನೀರು ಬೆರೆಸಿದೆ. ಡಬ್ಬಿಯ ಮೇಲೆ ಹೆಚ್ಚೆಂದರೆ 10% ಎಂದಿತ್ತು. ನಾನು ಹಾಕಿದ್ದು 20%. ಇದ್ದ ಟಿಪ್ ತುಂಬ ಕೆಲಸ ಕಂಡ 515, ಬೀಸಣಿಗೆ ಅಂಚಿನಲ್ಲಿ ಒಡೆದು ಬೆರಳುಗಳಂತೆ ಗೆರೆ ಬೀಳುತ್ತಿತ್ತು. ನೀರು ಹೆಚ್ಚು ಮಾಡಿದರೆ ಅದು ಸರಿಹೋಗುತ್ತದೆ ಎಂದು ನಂಬಿದ್ದೆ, ಸ್ವಲ್ಪ ಸರಿಹೋಯಿತು ಕೂಡ. ಒಬ್ಬನೇ ಎರಡೂವರೆ ಗಂಟೆಯಲ್ಲಿ ಎರಡೂ ಕೋಣೆ ಮುಗಿಸಿದೆ. ಹಿಂದಿನಿಂದ ರೋಲರ್ ಎಳೆಯಲಿಲ್ಲ. ಒಣಗಿದ ಮೇಲೆ ನೋಡಿದರೆ ಗೋಡೆ ಹಾಲಿನಂತೆ ಒಂದೇ ಸಮ ಬೆಳ್ಳಗಿತ್ತು. ಮನೆಯ ಯಜಮಾನರು ನೋಡಿ ಸಂತೋಷಪಟ್ಟರು. ನಾನೂ ಪಟ್ಟೆ.

ಮಧ್ಯೆ ಆದ ಎರಡು ಸಣ್ಣ ಸಂಗತಿಗಳು ಆಗ ಲೆಕ್ಕಕ್ಕೆ ಬರಲಿಲ್ಲ, ಆಮೇಲೆ ಅವೇ ಸಾಕ್ಷಿಯಾದವು. ಸ್ವಿಚ್ ಬಾಕ್ಸ್‌ಗಳ ಸುತ್ತ ಮತ್ತು ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಹುಡುಗ ಅದೇ ಬಕೆಟ್‌ನಿಂದ ಪ್ರೈಮರ್ ತೆಗೆದು ಬ್ರಷ್‌ನಲ್ಲಿ ಬಳಿದಿದ್ದ. ಕಿಟಕಿಯ ಪಕ್ಕದ ಜಾಯಿಂಟಿನ ಮೇಲೆ ನನ್ನ ಕೈ ನಿಧಾನವಾಗಿ ಪ್ರೈಮರ್ ಇಳಿದುಹೋದಾಗ, ಅವನು ಓಡಿಬಂದು ರೋಲರ್‌ನಿಂದ ಎರಡಡಿ ಜಾಗ ಸರಿಮಾಡಿದ್ದ.

ಯಾರ ಮೇಲೆ ಅನುಮಾನ

ಟೇಪ್ ಕಿತ್ತ ಸಂಜೆ ಸ್ಥಳದಲ್ಲಿದ್ದವರೆಲ್ಲ ಒಂದೊಂದು ಕಾರಣ ಹೇಳಿದರು. ಪ್ರೈಮರೇ ಕಳಪೆ ಎಂದರು ಬೋರ್ಡಿನವರು. ಕಾಂಪೌಂಡ್ ಒಣಗುವ ಮೊದಲೇ ನಮಗೆ ಒಪ್ಪಿಸಿದ್ದಾರೆ ಎಂದರು ನಮ್ಮವರು. ನನಗೆ ನನ್ನ ಮೂರು ಲೀಟರ್ ನೀರಿನ ಮೇಲೆ ಅನುಮಾನ.

ನೀರಿನ ಲೆಕ್ಕ ಮೊದಲು ಹಾಕಿದೆ. 1,250 ಚದರಡಿ ಅಂದರೆ 116 ಚದರ ಮೀಟರ್. ಒಟ್ಟು 18 ಲೀಟರ್‌ನಲ್ಲಿ ಒಂದೂವರೆ ಲೀಟರ್ ಪೈಪು, ಬಕೆಟ್‌ನಲ್ಲಿ ಉಳಿದಿತ್ತು. ಹಾರಿಹೋದದ್ದು, ಪ್ಲಾಸ್ಟಿಕ್ಕಿನ ಮೇಲೆ ಬಿದ್ದದ್ದು ಐದರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೆ ಗೋಡೆಗೆ ಸೇರಿದ್ದು ಸುಮಾರು 13 ಲೀಟರ್. ಒಂದು ಲೀಟರನ್ನು ಹತ್ತು ಚದರ ಮೀಟರಿಗೆ ಹರಡಿದರೆ ಹಸಿ ಪದರ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಹಾಗಾದರೆ ನಮ್ಮದು 110ರ ಹತ್ತಿರ. ಡಬ್ಬಿಯ ಪ್ರಕಾರ ಘನಾಂಶ ಗಾತ್ರದಲ್ಲಿ 30%, ನೀರು ಸೇರಿದ ಮೇಲೆ 25%. ಒಣಗಿದ ಪದರ 28 ಮೈಕ್ರಾನ್ ಆಸುಪಾಸು. ನೀರು ಸೇರಿಸದೆ ಅಷ್ಟೇ ಹಸಿ ದಪ್ಪ ಹೊಡೆದಿದ್ದರೆ 33 ಇರುತ್ತಿತ್ತು. ಪದರ ತೆಳುವಾಯಿತು ನಿಜ. ಆದರೆ ತೆಳು ಪದರ ಕಾಗದದ ಮೇಲೆ ಗಟ್ಟಿಯಾಗಿ ಕೂತು, ಕಾಂಪೌಂಡ್ ಮೇಲೆ ಮಾತ್ರ ಹಾಳೆ ಹಾಳೆಯಾಗಿ ಏಕೆ ಎದ್ದೇಳಬೇಕು?

ಮರುದಿನ ಬೆಳಿಗ್ಗೆ ಪರೀಕ್ಷೆ ಶುರುಮಾಡಿದೆವು. ಬ್ಲೇಡಿನಿಂದ ಗುಣಿಸು ಗುರುತಿನಂತೆ ಎರಡು ಗೀರು ಹಾಕುವುದು, ಅದರ ಮೇಲೆ ಟೇಪ್ ಒತ್ತಿ ಅಂಟಿಸಿ ಎಳೆಯುವುದು. ಎಎಸ್‌ಟಿಎಂ ಸಂಸ್ಥೆಯ ಡಿ3359 ಎಂಬ ಮಾನದಂಡದಲ್ಲಿ ಇರುವ ಕ್ರಮದ ಒರಟು ರೂಪ ಇದು. ಆ ಮಾನದಂಡ ಲೋಹದ ಮೇಲಿನ ಲೇಪಕ್ಕಾಗಿ ಬರೆದದ್ದು, ಹಾಗಾಗಿ ಅದರ ಅಂಕ ನಮಗೆ ಬೇಕಿರಲಿಲ್ಲ. ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸಿದರೆ ಸಾಕಿತ್ತು. ಒಟ್ಟು ಇಪ್ಪತ್ತನಾಲ್ಕು ಕಡೆ ಎಳೆದೆವು.

ಬರಿ ಕಾಗದದ ಮೇಲೆ ಎಲ್ಲೂ ಏಳಲಿಲ್ಲ. ಗೋಡೆಯ ಜಾಯಿಂಟ್‌ಗಳಲ್ಲಿ ಬಹುತೇಕ ಎಲ್ಲ ಕಡೆ ಎದ್ದಿತು, ನೆಲದಿಂದ ಎರಡಡಿಯೊಳಗೆ ತೀರಾ ಸಲೀಸಾಗಿ. ಸೀಲಿಂಗಿನ ಜಾಯಿಂಟ್‌ಗಳು ಮಾತ್ರ ಗೋಡೆಯವಕ್ಕಿಂತ ಎಷ್ಟೋ ಗಟ್ಟಿ. ಇದು ನನ್ನನ್ನು ನಿಲ್ಲಿಸಿತು. ಕಾಂಪೌಂಡ್ ಹಸಿ ಇದ್ದಿದ್ದರೆ ಸೀಲಿಂಗಿನಲ್ಲೂ ಹೀಗೇ ಆಗಬೇಕಿತ್ತು, ಅದನ್ನು ಕೊನೆಯಲ್ಲಿ ಮುಗಿಸಿದ್ದು. ಸೀಲಿಂಗಿಗೂ ಗೋಡೆಗೂ ಇರುವ ವ್ಯತ್ಯಾಸ ಒಂದೇ: ಧೂಳು ಸೀಲಿಂಗಿನ ಮೇಲೆ ಕೂರುವುದಿಲ್ಲ, ಕೆಳಗೆ ಉದುರುತ್ತದೆ.

ಆಮೇಲೆ ಹುಡುಗ ಸ್ವಿಚ್ ಬಾಕ್ಸ್ ಪಕ್ಕ ಟೇಪ್ ಅಂಟಿಸಿ ಎಳೆದ. ಅದೇ ಗೋಡೆ, ಕೆಳಗೆ ಅದೇ ಕಾಂಪೌಂಡ್, ಅದೇ ಬಕೆಟ್ಟಿನ ನೀರು ಹೆಚ್ಚಾದ ಪ್ರೈಮರ್. ಏಳಲಿಲ್ಲ. ಇನ್ನೊಂದು ಬಾಕ್ಸ್ ನೋಡಿದೆವು, ಅಲ್ಲೂ ಏಳಲಿಲ್ಲ. ಬ್ರಷ್ ತಾಗಿದ ಎರಡಿಂಚು ಗಟ್ಟಿ, ಅದರ ಪಕ್ಕದಲ್ಲೇ ಸ್ಪ್ರೇ ಮಾತ್ರ ಬಿದ್ದ ಜಾಗ ಸಡಿಲ. ಕಿಟಕಿ ಪಕ್ಕದಲ್ಲಿ ಅವನು ರೋಲರ್ ಆಡಿಸಿದ್ದ ಎರಡಡಿ ಜಾಯಿಂಟ್ ಕೂಡ ಗಟ್ಟಿ. ಅಲ್ಲಿಗೆ ಪ್ರೈಮರ್ ಕಳಪೆ ಎಂಬ ವಾದವೂ, ಕಾಂಪೌಂಡ್ ಹಸಿ ಎಂಬ ವಾದವೂ, ಎಲ್ಲಕ್ಕೂ ನೀರೇ ಕಾರಣ ಎಂಬ ನನ್ನ ವಾದವೂ ಮುಗಿದವು.

ಎದ್ದು ಬಂದ ಹಾಳೆಯ ಹಿಂಬದಿಯನ್ನು ಕಪ್ಪು ಬಟ್ಟೆಗೆ ಒರೆಸಿದೆವು. ಬಟ್ಟೆಯ ಮೇಲೆ ದಟ್ಟ ಬಿಳಿ ಪುಡಿ ಉಳಿಯಿತು. ಪ್ರೈಮರ್ ಅಂಟಿಕೊಂಡಿತ್ತು, ಗೋಡೆಗಲ್ಲ, ಗೋಡೆಯ ಮೇಲಿನ ಧೂಳಿಗೆ.

ಬ್ರಷ್‌ಗೆ ಸಾಧ್ಯವಾದದ್ದು ಮೆಷಿನ್‌ಗೆ ಏಕಾಗಲಿಲ್ಲ

ಕಾಂಪೌಂಡ್ ಉಜ್ಜಿದಾಗ ಹುಟ್ಟುವ ಪುಡಿ ಹಿಟ್ಟಿಗಿಂತ ನಯ. ಒಣ ಪೊರಕೆ ಅದನ್ನು ತೆಗೆಯುವುದಿಲ್ಲ, ಮೇಲಕ್ಕೆಬ್ಬಿಸುತ್ತದೆ. ಬೆಳಿಗ್ಗೆ ಗುಡಿಸಿದ ಧೂಳು ನಾವು ಪ್ಲಾಸ್ಟಿಕ್ ಕಟ್ಟುತ್ತಿದ್ದ ಮೂರು ಗಂಟೆಯಲ್ಲಿ ನಿಧಾನವಾಗಿ ಮತ್ತೆ ಗೋಡೆಯ ಮೇಲೆ, ಅದರಲ್ಲೂ ಕೆಳಭಾಗದಲ್ಲಿ ಕೂತಿತು.

ಬ್ರಷ್ ಅಥವಾ ರೋಲರ್‌ನಲ್ಲಿ ಬಳಿಯುವಾಗ ಕೂದಲು ಗೋಡೆಯನ್ನು ಉಜ್ಜುತ್ತದೆ. ಸಡಿಲ ಪುಡಿ ಹಸಿ ಪ್ರೈಮರಿನೊಳಗೆ ಕಲಸಿಹೋಗುತ್ತದೆ, ಅದರ ಸುತ್ತ ಅಂಟು ಸೇರಿ ಅದೂ ಪದರದ ಭಾಗವಾಗುತ್ತದೆ, ಪ್ರೈಮರ್ ಕೆಳಗಿನ ಗಟ್ಟಿ ಮೈಗೆ ಇಳಿಯುತ್ತದೆ. ಸ್ಪ್ರೇ ಮಾಡಿದಾಗ ಗೋಡೆಯನ್ನು ಏನೂ ಮುಟ್ಟುವುದಿಲ್ಲ. ಹನಿಗಳು ಧೂಳಿನ ಮೇಲೆ ಬಿದ್ದು ಅಲ್ಲೇ ಕೂಡಿಕೊಳ್ಳುತ್ತವೆ. ಕಾಂಪೌಂಡ್ ನೀರನ್ನು ಬೇಗ ಎಳೆದುಕೊಳ್ಳುವುದರಿಂದ ಪ್ರೈಮರಿನ ಅಂಟು ಕೆಳಗಿಳಿಯಲು ಸಮಯವೂ ಸಿಗುವುದಿಲ್ಲ. ಮೇಲೆ ಚೆಂದದ ಚರ್ಮ, ಕೆಳಗೆ ಪುಡಿಯ ಹಾಸು. ಎಳೆಯುವವರೆಗೆ ಗೊತ್ತಾಗುವುದಿಲ್ಲ.

ಹುಡುಗನ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಮೆಷಿನ್ ತಪ್ಪು ಮಾಡಿರಲಿಲ್ಲ. ಕೈಯಿಂದ ಬಳಿಯುವಾಗ ನಾವು ಯೋಚಿಸದೆಯೇ ಗೋಡೆಯನ್ನು ಮುಟ್ಟುತ್ತಿದ್ದೆವು; ಮೆಷಿನ್ ಬಂದ ಮೇಲೆ ಆ ಮುಟ್ಟುವ ಕೆಲಸವೇ ಬಿಟ್ಟುಹೋಯಿತು, ಅದು ಬಿಟ್ಟುಹೋದದ್ದು ನನಗೆ ತಿಳಿಯಲೂ ಇಲ್ಲ. ತಪ್ಪು ನನ್ನದು ಎಂದು ಯಜಮಾನರಿಗೂ ಬೋರ್ಡಿನ ತಂಡಕ್ಕೂ ಹೇಳಿದೆ. ಅವರ ಕಾಂಪೌಂಡ್ ಸರಿಯಾಗಿಯೇ ಇತ್ತು.

ದುರಸ್ತಿ

ಪೂರ್ತಿ ಗೋಡೆ ಕೆರೆಯಬೇಕೇ ಎಂಬುದು ದೊಡ್ಡ ಪ್ರಶ್ನೆ. ಕಾಗದದ ಮೇಲೆ ಗಟ್ಟಿಯಾಗಿ ಕೂತದ್ದನ್ನು ಕೆರೆಯಲು ಹೋದರೆ ಕಾಗದವೇ ಹರಿಯುತ್ತದೆ, ಹೊಸ ಗಾಯ. ಅದನ್ನು ಮುಟ್ಟದಿರಲು ತೀರ್ಮಾನಿಸಿದೆ. ಜಾಯಿಂಟ್‌ಗಳು, ಒಳಮೂಲೆಗಳು, ಸ್ಕ್ರೂ ತಲೆಯ ಮೇಲಿನ ಚುಕ್ಕೆಗಳು, ಇಷ್ಟನ್ನೂ ಅಗಲವಾದ ಲೋಹದ ಪಟ್ಟಿಯಿಂದ ಎಬ್ಬಿಸಿ ತೆಗೆದೆವು. ಏಳುವವರೆಗೆ ಎಬ್ಬಿಸುವುದು, ಏಳದ ಕಡೆ ನಿಲ್ಲಿಸುವುದು. ಉಳಿದ ಅಂಚನ್ನು ನಯವಾದ ಸ್ಯಾಂಡ್ ಪೇಪರ್‌ನಿಂದ ಇಳಿಜಾರಾಗಿ ಉಜ್ಜಿದೆವು. ಈ ಕೆಲಸದಲ್ಲಿ ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸೂಕ್ಷ್ಮ ಪುಡಿ ತಡೆಯುವ ಮಾಸ್ಕೇ ಬೇಕು. ಕೆಲವು ಕಾಂಪೌಂಡ್‌ಗಳಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹಾನಿ.

ಧೂಳಿಗೆ ಈ ಸಲ ಪೂರ್ತಿ ಒಂದು ದಿನ ಕೊಟ್ಟೆವು. ಮೃದು ಬ್ರಷ್ ಇರುವ ವ್ಯಾಕ್ಯೂಮ್ ಕ್ಲೀನರ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆದು, ಆಮೇಲೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ಒಂದು ಸಲ ಒರೆಸುವುದು. ಹಿಂಡಿದ ಎಂಬ ಮಾತು ಮುಖ್ಯ. ಒಣಗಿ ಗಟ್ಟಿಯಾಗುವ ರೆಡಿಮಿಕ್ಸ್ ಕಾಂಪೌಂಡ್ ನೀರು ಸಿಕ್ಕರೆ ಮತ್ತೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆಯಿಂದ ತಿಕ್ಕಿದರೆ ನಯ ಮಾಡಿದ ಜಾಯಿಂಟ್ ಗುಂಡಿಬೀಳುತ್ತದೆ. ಕೊನೆಗೆ ಅಂಗೈಯನ್ನು ಗೋಡೆಗೆ ಒತ್ತಿ ಎಳೆದು, ಕಪ್ಪು ಬಟ್ಟೆಗೆ ಒರೆಸಿ ನೋಡುವುದು. ಬಿಳಿ ಗುರುತು ಬಿದ್ದರೆ ಇನ್ನೊಮ್ಮೆ ವ್ಯಾಕ್ಯೂಮ್. ಹಾಲ್‌ನ ಕೆಳಭಾಗ ಮೂರು ಸಲ ಕೇಳಿತು.

ಬರಿದಾದ ಜಾಯಿಂಟ್‌ಗಳಿಗೆ ಮೊದಲು ರೋಲರ್‌ನಿಂದಲೇ ಪ್ರೈಮರ್ ಕೊಟ್ಟು ಒಣಗಲು ಬಿಟ್ಟೆ. ಪೂರ್ತಿ ಗೋಡೆಗೆ ಸ್ಪ್ರೇ ಅದರ ಮರುದಿನ.

ಎರಡನೇ ಸಲ

ಹೊಸ 517 ಟಿಪ್ ಹಾಕಿದೆ. ಹಳೆಯದನ್ನು ರಟ್ಟಿನ ಮೇಲೆ ಒಂದು ಸಲ ಹೊಡೆದು ಅಳೆದಿದ್ದೆ: ಹತ್ತು ಇಂಚು ಇರಬೇಕಾದ ಬೀಸಣಿಗೆ ಏಳಕ್ಕೆ ಇಳಿದಿತ್ತು. ಟಿಪ್ ಸವೆದಂತೆ ರಂಧ್ರ ದೊಡ್ಡದಾಗುತ್ತದೆ, ಬೀಸಣಿಗೆ ಕಿರಿದಾಗುತ್ತದೆ. ಕಿರಿದಾದ ಜಾಗಕ್ಕೆ ಹೆಚ್ಚು ಪ್ರೈಮರ್ ಬಿದ್ದು ಇಳಿಯುತ್ತದೆ. ಕಿಟಕಿ ಪಕ್ಕ ಇಳಿದದ್ದಕ್ಕೆ ನನ್ನ ನಿಧಾನದ ಕೈಯಷ್ಟೇ ಅದೂ ಕಾರಣ. ಈ ಸಲ ನೀರು 5% ಮಾತ್ರ. ಸೋಸುಬಟ್ಟೆಯಲ್ಲಿ ಸೋಸಿ, ಗನ್ನಿಗೆ 60 ಮೆಶ್ (ಇಂಚಿಗೆ 60 ಕಣ್ಣು) ಫಿಲ್ಟರ್ ಹಾಕಿದೆ. ಒತ್ತಡವನ್ನು ಕಡಿಮೆಯಲ್ಲಿ ಶುರುಮಾಡಿ, ಅಂಚಿನ ಬೆರಳುಗಳು ಮಾಯವಾಗುವವರೆಗೆ ಮಾತ್ರ ಏರಿಸಿದೆ. ಅದಕ್ಕಿಂತ ಹೆಚ್ಚಿಸಿದರೆ ಗೋಡೆಗೆ ಲಾಭವಿಲ್ಲ, ಮಂಜು ಹೆಚ್ಚುತ್ತದೆ, ಟಿಪ್ ಬೇಗ ಸವೆಯುತ್ತದೆ.

ಕೈಯ ಕ್ರಮ ಹಳೆಯದೇ. ಗೋಡೆಯಿಂದ ಒಂದಡಿ ದೂರ, ಗನ್ ಗೋಡೆಗೆ ನೇರ, ಮಣಿಕಟ್ಟು ತಿರುಗಿಸದೆ ತೋಳನ್ನೇ ಸರಿಸುವುದು, ಕೈ ಚಲಿಸಲು ಶುರುವಾದ ಮೇಲೆ ಟ್ರಿಗರ್ ಒತ್ತಿ ನಿಲ್ಲುವ ಮೊದಲು ಬಿಡುವುದು, ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಗನ್ ದೂರ ಹಿಡಿದರೆ ಹನಿ ದಾರಿಯಲ್ಲೇ ಅರ್ಧ ಒಣಗಿ ಗೋಡೆ ಮರಳು ಮರಳಾಗುತ್ತದೆ. ಅದಕ್ಕೇ ಹೊಡೆಯುವಾಗ ಫ್ಯಾನ್ ನಿಲ್ಲಿಸಿ, ಮುಗಿದ ಮೇಲೆ ಕಿಟಕಿ ತೆರೆದೆವು.

ಹೊಸದೆಂದರೆ ನನ್ನ ಹಿಂದೆ ರೋಲರ್ ಹಿಡಿದು ನಿಂತ ಹುಡುಗ. ಅರ್ಧ ಇಂಚು ರೋಮದ, 18 ಇಂಚು ಅಗಲದ ರೋಲರ್. ಅದನ್ನು ಒಣದಾಗಿ ಗೋಡೆಗೆ ಇಟ್ಟರೆ ನಾನು ಹಾಕಿದ್ದನ್ನು ಅದೇ ಹೀರಿಬಿಡುತ್ತದೆ, ಹಾಗಾಗಿ ಮೊದಲೇ ಪ್ರೈಮರಿನಲ್ಲಿ ಅದ್ದಿ ಹಿಂಡಿಟ್ಟಿದ್ದೆವು. ನಾನು ಸುಮಾರು ಎಂಟಡಿ ಅಗಲ ಹೊಡೆದು ನಿಲ್ಲುತ್ತಿದ್ದೆ, ಅವನು ಹಸಿ ಇರುವಾಗಲೇ ಮೇಲೆ ಕೆಳಗೆ ಎಳೆದು ಕೊನೆಯ ಎಳೆತವನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಮುಗಿಸುತ್ತಿದ್ದ. ಅವನು ಮುಗಿಸುವವರೆಗೆ ನಾನು ಟ್ರಿಗರ್ ಮುಟ್ಟಲಿಲ್ಲ. ಮೆಷಿನ್‌ಗೆ ಓಡುವ ಶಕ್ತಿ ಇದೆ, ಆದರೆ ವೇಗ ನಿರ್ಧರಿಸಬೇಕಾದವನು ರೋಲರ್ ಹಿಡಿದವನು. ಇಬ್ಬರಿಗೂ ನಾಲ್ಕೂವರೆ ಗಂಟೆ ಹಿಡಿಯಿತು. ಕೈ ರೋಲರ್ ಒಂದನ್ನೇ ನಂಬಿದ್ದರೆ ಇಡೀ ದಿನ ಬೇಕಿತ್ತು, ಹಾಗಾಗಿ ಸ್ಪ್ರೇಯ ಲಾಭ ಹೋಗಲಿಲ್ಲ, ಸ್ವಲ್ಪ ಕಡಿಮೆಯಾಯಿತು ಅಷ್ಟೆ.

ಹಿಂದೆ ರೋಲರ್ ಬೇಡ ಎಂದು ತಯಾರಕರೇ ಹೇಳುವ ದಪ್ಪ ಪ್ರೈಮರ್‌ಗಳೂ ಇವೆ. ಅವನ್ನು ಹಸಿಯಲ್ಲೇ ನಮ್ಮದರ ಮೂರು ನಾಲ್ಕು ಪಟ್ಟು ದಪ್ಪಕ್ಕೆ ಹೊಡೆದು ಹಾಗೇ ಬಿಡುತ್ತಾರೆ. ಅಲ್ಲಿ ಧೂಳು ತೆಗೆಯುವುದು ಇನ್ನೂ ಮುಖ್ಯ, ಏಕೆಂದರೆ ಹಿಂದಿನಿಂದ ಸರಿಪಡಿಸುವ ರೋಲರ್ ಇರುವುದಿಲ್ಲ.

ಇನ್ನೊಂದು ಸಂಗತಿ ಪ್ರೈಮರಿಗೆ ಸೇರಿದ್ದಲ್ಲ, ಆದರೂ ಬಿಡಲಾರೆ. ಕೋಣೆಯ ಅರ್ಧದಲ್ಲಿ ಟಿಪ್ ಕಟ್ಟಿತು. ಹುಡುಗ ಸಹಾಯಕ್ಕೆಂದು ಬಂದು ಬೆರಳಿನಿಂದ ಟಿಪ್ಪಿನ ಬಾಯಿ ಒರೆಸಲು ಕೈ ಚಾಚಿದ. ನಾನು ಕೂಗಿದೆ, ಅವನು ಬೆಚ್ಚಿ ಹಿಂದೆ ಸರಿದ. ಆ ಒತ್ತಡದಲ್ಲಿ ಪ್ರೈಮರ್ ಚರ್ಮವನ್ನು ತೂರಿ ಬೆರಳಿನೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ನೋವೂ ಮೊದಲಿಗೆ ಕಡಿಮೆ ಇರಬಹುದು, ಒಳಗೆ ಮಾಂಸ ಸಾಯುತ್ತಿರುತ್ತದೆ. ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾದೀತು. ಹಾಗೇನಾದರೂ ಆದರೆ ತೊಳೆದು ಪಟ್ಟಿ ಕಟ್ಟಿಕೊಂಡು ಕೂರಬಾರದು; ತಕ್ಷಣ ಆಸ್ಪತ್ರೆಗೆ ಹೋಗಿ, ಹೆಚ್ಚಿನ ಒತ್ತಡದಲ್ಲಿ ಪೇಂಟ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ ಶಸ್ತ್ರಚಿಕಿತ್ಸಕರನ್ನೇ ಕಾಣಬೇಕು. ಟಿಪ್ ಕಟ್ಟಿದರೆ ಟ್ರಿಗರ್ ಲಾಕ್ ಹಾಕಿ, ಟಿಪ್ಪನ್ನು ಅರ್ಧ ಸುತ್ತು ತಿರುಗಿಸಿ, ಲಾಕ್ ತೆಗೆದು ಬಕೆಟ್ಟಿನೊಳಗೆ ಒಂದು ಸಲ ಹೊಡೆದರೆ ಕಸ ಹೊರಹೋಗುತ್ತದೆ. ಬಿಚ್ಚಲೇಬೇಕಾದರೆ ಮೆಷಿನ್ ಆರಿಸಿ, ಒತ್ತಡ ಬಿಡುವ ವಾಲ್ವ್ ತೆರೆದು, ಗನ್ನಿನಿಂದಲೂ ಒತ್ತಡ ಇಳಿಸಿದ ಮೇಲೆ. ಅವನಿಗೆ ಇದನ್ನು ಮೊದಲ ದಿನವೇ ಹೇಳಬೇಕಿತ್ತು.

ಮತ್ತೆ ಟೇಪ್

ಮೂರು ದಿನ ಒಣಗಲು ಬಿಟ್ಟು, ಬಣ್ಣ ಬಳಿಯುವ ಮೊದಲೇ ಪರೀಕ್ಷಿಸಿದೆವು. ಮೊದಲಿನ ಇಪ್ಪತ್ತನಾಲ್ಕು ಜಾಗಗಳ ಪಕ್ಕದಲ್ಲೇ ಹೊಸ ಗೀರು, ಹೊಸ ಟೇಪ್. ಇಪ್ಪತ್ತಮೂರು ಕಡೆ ಏನೂ ಏಳಲಿಲ್ಲ. ಕೋಣೆಯ ಬಾಗಿಲ ಹಿಂದಿನ ಒಳಮೂಲೆಯಲ್ಲಿ ಉಗುರಿನಗಲ ಎದ್ದಿತು. ವ್ಯಾಕ್ಯೂಮ್ ಬ್ರಷ್ ಆ ಮೂಲೆಗೆ ಸರಿಯಾಗಿ ಹೊಕ್ಕಿರಲಿಲ್ಲ, ರೋಲರೂ ಹೊಕ್ಕಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಆ ಮೂಲೆ ಕೆರೆದು, ಒರೆಸಿ, ಎರಡಿಂಚು ಬ್ರಷ್‌ನಿಂದ ಬಳಿದೆವು. ಆಮೇಲೆ ಎಲ್ಲ ಒಳಮೂಲೆಗಳಿಗೂ ಸ್ಪ್ರೇ ಆದ ಕೂಡಲೇ ಬ್ರಷ್ ಎಳೆಯುವುದನ್ನು ಕ್ರಮವಾಗಿಸಿಕೊಂಡೆ.

ಕಿಟಕಿಯ ಪಕ್ಕದ ಜಾಯಿಂಟ್ ಮಾತ್ರ ಸಂಜೆಯ ಓರೆ ಬಿಸಿಲಿನಲ್ಲಿ ಈಗಲೂ ತುಸು ಉಬ್ಬಾಗಿ ಕಾಣುತ್ತದೆ. ಅದು ಅಂಟಿನ ವಿಷಯವಲ್ಲ, ಗೋಡೆಯ ಸಮತಟ್ಟಿನದು. ಅಮೆರಿಕದ ಜಿಪ್ಸಮ್ ಅಸೋಸಿಯೇಷನ್ ಬೋರ್ಡಿನ ಮುಗಿತಾಯಕ್ಕೆ 0ಯಿಂದ 5ರವರೆಗೆ ಮಟ್ಟ ಗುರುತಿಸಿದೆ. ನಮ್ಮದು 4ನೆಯದು. ಹೀಗೆ ಓರೆ ಬೆಳಕು ಬೀಳುವ ಗೋಡೆಗೆ ಇಡೀ ಮೈಗೆ ತೆಳು ಕಾಂಪೌಂಡ್ ಎಳೆಯುವ 5ನೇ ಮಟ್ಟ ಬೇಕಿತ್ತು, ನಾವು ಹೊಡೆದಂಥ ತೆಳು ಪ್ರೈಮರ್ ಅದನ್ನು ತುಂಬಿಕೊಡುವುದಿಲ್ಲ. ಯಜಮಾನರಿಗೆ ಗೋಡೆಯ ಮೇಲೆ ಟಾರ್ಚ್ ಓರೆಯಾಗಿ ಹಿಡಿದು ತೋರಿಸಿದೆ. ಅವರು ಆ ಗೋಡೆಗೆ ಹೊಳಪಿನ ಬಣ್ಣ ಬಿಟ್ಟು ಮ್ಯಾಟ್ ಆರಿಸಿಕೊಂಡರು.